ಸಹಾಯ ಬೇಕು: ಮುಚ್ಚಿಹೋದ ಗಾರ್ಮೆಂಟ್ಸ್‌ನಿಂದ ಅಮ್ಮನ ಪಿಎಫ್ ಪಿಂಚಣಿ

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ 1998ರಿಂದ 2010ರವರೆಗೆ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. ಫ್ಯಾಕ್ಟರಿ ಮುಚ್ಚಿದಾಗ ಪಿಎಫ್ ದುಡ್ಡು ಬಂತು, ಅಲ್ಲಿಗೆ ಲೆಕ್ಕ ಚುಕ್ತಾ ಅಂತ ಎಲ್ಲರೂ ಸುಮ್ಮನಾದರು. ಆದರೆ ಮಾಲೀಕರ ಪಾಲಿನಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತೆ, ಹತ್ತು ವರ್ಷ ಸರ್ವಿಸ್ ಆಗಿದ್ದರೆ 58ಕ್ಕೆ ತಿಂಗಳ ಪಿಂಚಣಿ ಸಿಗಬೇಕು ಅಂತ ಈಗ ತಿಳಿಯಿತು. ಅಮ್ಮನಿಗೆ 58 ತುಂಬಿದೆ.

ಕೈಲಿರೋದು ‘ಕೆಎನ್’ ಅಂತ ಶುರುವಾಗುವ ಪಿಎಫ್ ನಂಬರ್ ಇರುವ ಹಳೇ ಸಂಬಳ ಚೀಟಿ, ಇಎಸ್ಐ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು. ಯುಎಎನ್ (ಎಲ್ಲಾ ಪಿಎಫ್ ಖಾತೆಗಳಿಗೂ ಒಂದೇ ನಂಬರ್) ಇಲ್ಲ, ಅದು ಬಂದದ್ದೇ 2014ರಲ್ಲಿ. ಪಿಂಚಣಿಗೆ ಲೆಕ್ಕವಾಗುವ ಸರ್ವಿಸ್ ತೋರಿಸುವ ಸ್ಕೀಮ್ ಸರ್ಟಿಫಿಕೇಟ್ ಯಾರೂ ಕೊಡಲಿಲ್ಲ. ಸಾಲದ್ದಕ್ಕೆ ಚೀಟಿಯಲ್ಲಿ ‘ಜಯಮ್ಮ’, ಆಧಾರ್‌ನಲ್ಲಿ ‘ಜಯಲಕ್ಷ್ಮಮ್ಮ’!

ಹೀಗೆ ಮುಚ್ಚಿದ ಕಂಪನಿಯ ಪಿಂಚಣಿ ಯಾರಾದರೂ ಪಡೆದಿದ್ದೀರಾ? ಪಿಂಚಣಿ ಅರ್ಜಿಯಾದ 10ಡಿ ಫಾರ್ಮಿಗೆ ಮಾಲೀಕರ ಬದಲು ಬ್ಯಾಂಕ್ ಮ್ಯಾನೇಜರ್ ಸಹಿ ಒಪ್ಪಿದರಾ? ಹೆಸರು ತಿದ್ದಲು ಏನು ಕೇಳಿದರು? ಪಿಎಫ್ ಕಚೇರಿಯವರು ದೂರು ಕೇಳಲು ನಡೆಸುವ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಹೋದವರು ಇದ್ದರೆ ಅದನ್ನೂ ಹೇಳಿ. ಪರ್ಸೆಂಟೇಜ್ ಕೇಳುವ ಏಜೆಂಟರು ದಯವಿಟ್ಟು ಮೆಸೇಜ್ ಮಾಡಬೇಡಿ. ಅದೇ ಫ್ಯಾಕ್ಟರಿ ಸಾಲಿನಲ್ಲಿ ದುಡಿದ ಅಕ್ಕಂದಿರು ಇದ್ದರೆ ಕಾಮೆಂಟ್ ಹಾಕಿ, ಒಟ್ಟಿಗೇ ಅರ್ಜಿ ಕೊಡೋಣ.