ಸಹಾಯ ಬೇಕು: ವೀರ್ಯದ ರಿಪೋರ್ಟ್ ನಾರ್ಮಲ್, ಆದರೂ ಮಗು ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಕೋಲಾರದವರು. ಮದುವೆಯಾಗಿ ಕೆಲವು ವರ್ಷಗಳಾದವು, ಇನ್ನೂ ಮಗು ಆಗಿಲ್ಲ. ಹೆಂಡತಿಯ ಟೆಸ್ಟ್‌ಗಳಲ್ಲಿ ತೊಂದರೆ ಏನೂ ಸಿಕ್ಕಿಲ್ಲ. ನನ್ನ ವೀರ್ಯಾಣುಗಳ ಕೌಂಟ್ ಚೆನ್ನಾಗಿದೆ. ಚಲನೆ ಶೇ 50ಕ್ಕಿಂತ ಜಾಸ್ತಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಮಿತಿ ಶೇ 42. ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಮಾಡಿಸಿದೆವು, ಪ್ರತಿ ಸಲವೂ ಫೇಲ್. ನೆಂಟರೆಲ್ಲ ಇನ್ನೂ ಅವಳನ್ನೇ ಕೇಳುತ್ತಾರೆ. ಅದು ನನಗೆ ತುಂಬಾ ಸಂಕಟ.

ಡಾಕ್ಟರ್ ಒಬ್ಬರು ಕ್ಯಾಟ್‌ಸ್ಪರ್ ಅನ್ನುವ ಅಯಾನ್ ಚಾನೆಲ್ (ಕ್ಯಾಲ್ಸಿಯಂ ಅನ್ನು ವೀರ್ಯಾಣುವಿನ ಒಳಗೆ ಬಿಡುವ ಪುಟ್ಟ ಬಾಗಿಲಿನಂಥದ್ದು) ಬಗ್ಗೆ ಹೇಳಿದರು. ಕೂತು ಓದಿದೆ. ಇದು 2001ರಲ್ಲಿ ಪತ್ತೆಯಾಗಿದ್ದು, ವೀರ್ಯಾಣುವಿನ ಬಾಲದಲ್ಲಿ ಇರುತ್ತದೆ. ಅಂಡಾಣುವಿನ ಸುತ್ತಲಿನ ಕೋಶಗಳಿಂದ ಬರುವ ಪ್ರೊಜೆಸ್ಟರಾನ್ ಹಾರ್ಮೋನ್ ತಗುಲಿದಾಗ ತೆರೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಬಾಲ ಚಾಟಿಯ ಹಾಗೆ ಜೋರಾಗಿ ಬೀಸುತ್ತದೆ. ಆ ಜೋರು ಇಲ್ಲದಿದ್ದರೆ ಅಂಡಾಣುವಿನ ಹೊರಪದರ ದಾಟಲು ಆಗುವುದಿಲ್ಲ. ಈ ಚಾನೆಲ್ ಕೆಲಸ ಮಾಡದ ಕೆಲವು ಗಂಡಸರಲ್ಲೂ ಮಾಮೂಲಿ ರಿಪೋರ್ಟ್ ನಾರ್ಮಲ್ ಆಗಿಯೇ ಬರುತ್ತದಂತೆ!

ನನ್ನ ಗೊಂದಲ ಇಲ್ಲೇ. ಮಾಮೂಲಿ ಟೆಸ್ಟ್‌ನಲ್ಲಿ ಎಷ್ಟು ವೀರ್ಯಾಣು ಈಜುತ್ತಿವೆ ಅಂತ ನೋಡುತ್ತಾರೆ, ಈ ಜೋರನ್ನು ಅಳೆಯುವುದಿಲ್ಲ ಅಲ್ವಾ? ಚಾನೆಲ್ ಕೆಲಸ ಮಾಡದಿರುವುದೇ ಕಾರಣವಾಗಿದ್ದರೆ ಐಯುಐಗೆ ಇನ್ನೂ ದುಡ್ಡು ಸುರಿಯುವುದು ಸುಮ್ನೆ ದಂಡ. ಲ್ಯಾಬ್‌ನಲ್ಲಿ ಅಂಡಾಣು, ವೀರ್ಯಾಣುಗಳನ್ನು ಒಟ್ಟಿಗೆ ಇಡುವ ಮಾಮೂಲಿ ಐವಿಎಫ್ ಕೂಡ ಕಷ್ಟ, ಅಲ್ಲೂ ವೀರ್ಯಾಣು ತಾನೇ ಒಳಗೆ ಹೋಗಬೇಕು. ವೀರ್ಯಾಣುವನ್ನು ನೇರವಾಗಿ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ಒಂದೇ ದಾರಿ. ಇಲ್ಲಿನ ಲ್ಯಾಬ್‌ಗಳಲ್ಲಿ ವಿಚಾರಿಸಿದೆ, ಅಂಥ ಟೆಸ್ಟ್ ನಮ್ಮಲ್ಲಿ ಇಲ್ಲ ಎಂದರು.

ಬೆಂಗಳೂರಿನಲ್ಲಿ ಕ್ಯಾಟ್‌ಸ್ಪರ್ ಪರೀಕ್ಷೆ ಅಥವಾ ಅದರ ಜೀನ್ ಟೆಸ್ಟ್ ಯಾರಾದರೂ ಮಾಡಿಸಿದ್ದೀರಾ? ಎಲ್ಲಿ, ಎಷ್ಟು ಖರ್ಚಾಯಿತು? ಇಲ್ಲ, ಟೆಸ್ಟ್ ಬಿಟ್ಟು ನೇರ ಇಕ್ಸಿಗೆ ಹೋಗುವುದು ಸರಿಯಾ?