ಅಪ್‌ಡೇಟ್: ಹರಾಜಿನಲ್ಲಿ ಕೊಂಡ 1877ರ ಟ್ರೇಡ್ ಡಾಲರ್ ನಕಲಿಯೇ, ಹಣ ವಾಪಸ್ ಬಂತು

ತೂಕವೂ ವ್ಯಾಸವೂ ಸರಿಯಿದ್ದು, ಬಣ್ಣ ಮಾತ್ರ ಅನುಮಾನ ತರಿಸಿದ್ದ ಅಮೆರಿಕದ ಬೆಳ್ಳಿ ಟ್ರೇಡ್ ಡಾಲರ್ (ಏಷ್ಯಾದ ವ್ಯಾಪಾರಕ್ಕೆಂದು ಅಚ್ಚು ಹಾಕಿದ ಹಳೆ ನಾಣ್ಯ) ಅಸಲಿಯೋ ನಕಲಿಯೋ ಎಂದು ಇಲ್ಲಿ ಕೇಳಿದ್ದೆ. ಉತ್ತರ ಸಿಕ್ಕಿದ್ದು ಸಾಂದ್ರತೆ ಪರೀಕ್ಷೆಯಿಂದ. ಅದನ್ನು ಸೂಚಿಸಿದವರಿಗೆ ತುಂಬಾ ಧನ್ಯವಾದ.

ಮಾಡಿದ್ದು ಹೀಗೆ: 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತೆಳು ದಾರದಲ್ಲಿ ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಬೇಕು. ಗುಳ್ಳೆ ಅಂಟಿಕೊಂಡರೆ ಲೆಕ್ಕ ಕೆಡುತ್ತದೆ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ನಾಣ್ಯದ ತೂಕ ಗಾಳಿಯಲ್ಲಿ 27.10 ಗ್ರಾಂ, ಮುಳುಗಿಸಿದಾಗ ತಕ್ಕಡಿ ತೋರಿಸಿದ್ದು 3.03, ಅಂದರೆ ನಾಣ್ಯ ಸರಿಸಿದ ನೀರಿನ ತೂಕ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಂದ್ರತೆ 8.94, ಅಂದರೆ ಹೆಚ್ಚುಕಡಿಮೆ ತಾಮ್ರ. 90% ಬೆಳ್ಳಿಗೆ 10.3ರ ಆಸುಪಾಸು ಬರಬೇಕಿತ್ತು. ತಾಮ್ರ ಬೆಳ್ಳಿಗಿಂತ ಹಗುರ, ಹಾಗಾಗಿ ಅಸಲಿಯ 27.22 ಗ್ರಾಂ ಹತ್ತಿರ ತರಲು ಬಿಲ್ಲೆಯನ್ನೇ ದಪ್ಪ ಮಾಡಿದ್ದಾರೆ. ವ್ಯಾಸ ಅಳೆದು ನಿಲ್ಲಿಸಬೇಡಿ, ದಪ್ಪವನ್ನೂ ಅಳೆಯಿರಿ.

ಅಯಸ್ಕಾಂತ ಇಟ್ಟು ನೋಡಿ ಎಂದು ಕೆಲವರು ಕೊಟ್ಟ ಸಲಹೆ ಉಪಯೋಗಕ್ಕೆ ಬರಲಿಲ್ಲ. ತಾಮ್ರ ಅಂಟುವುದಿಲ್ಲ ಸರಿ, ಆದರೆ ಓರೆಯಾಗಿಟ್ಟ ನಾಣ್ಯದ ಮೇಲೆ ನಿಯೋಡಿಮಿಯಂ ಎಂಬ ಬಲವಾದ ಅಯಸ್ಕಾಂತ ನಿಧಾನವಾಗಿ ಜಾರುವುದೂ ಬೆಳ್ಳಿಯ ಗುರುತಲ್ಲ. ತಾಮ್ರವೂ ಬೆಳ್ಳಿಯಂತೆ ಒಳ್ಳೆಯ ವಿದ್ಯುತ್ ವಾಹಕ, ಅಲ್ಲೂ ಹಾಗೇ ಜಾರುತ್ತದೆ. ನಾಣ್ಯವನ್ನು ತಟ್ಟಿದಾಗ ಬರುವ ಟಣ್ ಎನ್ನುವ ಸದ್ದಿನಿಂದಲೂ ಏನೂ ತೀರ್ಮಾನವಾಗಲಿಲ್ಲ.

ನಿರೀಕ್ಷಿಸದೇ ಇದ್ದದ್ದು ಒಂದು: ಬೇರೆ ಎರಡು ಹರಾಜಿನ ಟ್ರೇಡ್ ಡಾಲರ್ ಫೋಟೋಗಳಲ್ಲೂ, ನನ್ನ ನಾಣ್ಯದಲ್ಲಿದ್ದಂತೆಯೇ, ಅದೇ ಜಾಗದಲ್ಲಿ ಅದೇ ಆಕಾರದ ಪೆಟ್ಟಿನ ಗುರುತು! ಬಳಕೆಯಲ್ಲಿ ಬಿದ್ದ ಪೆಟ್ಟು ಮೂರು ನಾಣ್ಯಗಳಲ್ಲಿ ಒಂದೇ ಥರ ಇರಲು ಸಾಧ್ಯವಿಲ್ಲ, ಅದು ಅಚ್ಚಿನಿಂದಲೇ ಬಂದದ್ದು.

ಮಾರಿದವರು ‘ಇದ್ದ ಹಾಗೆ ಮಾರಾಟ’ ಎಂದರು. ಆದರೆ ವಿವರಣೆಯಲ್ಲಿ ಬೆಳ್ಳಿ ಎಂದೇ ಬರೆದಿತ್ತು. ತೂಕದ ವಿಡಿಯೋ ಮತ್ತು ಆ ಫೋಟೋಗಳನ್ನು ಸೇರಿಸಿ ‘ವಿವರಣೆಗೆ ತಕ್ಕಂತಿಲ್ಲ’ ಎಂದು ದೂರು ಕೊಟ್ಟ ಮೇಲೆ ಪೂರ್ತಿ ಹಣ ಮರಳಿತು. ಹರಾಜಿನ ಪುಟದ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ, ವಿವರಣೆ ಆಮೇಲೆ ಬದಲಾಗಬಹುದು.