ಗೋಡೆಯ ತೇವದ ಕಲೆಗಳಲ್ಲಿ ಕಾಣುವ ಮುಖಗಳು: ಚಿತ್ರದಲ್ಲಿ ಅಡಗಿಸುವುದು ಹೇಗೆ?

ಉಣಕಲ್ ಪೆನ್ಸಿಲ್:
ಎಲ್ಲರಿಗೂ ನಮಸ್ಕಾರ. ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ವಯಸ್ಸಾಗಿದೆ, ಮಳೆಗಾಲ ಬಂತೆಂದರೆ ಗೋಡೆಗೆ ತೇವ ಏರಿ ಸುಣ್ಣ ಉದುರುತ್ತದೆ, ಆ ಕಲೆಗಳಲ್ಲಿ ನನಗೆ ಬರೀ ಮುಖಗಳೇ ಕಾಣುತ್ತವೆ. ಪಟಗಾ ಸುತ್ತಿದ ಅಜ್ಜ, ಬಾಯಿ ತೆರೆದ ಹುಡುಗ, ಹೀಗೆ. ಅವ್ವನಿಗೆ ತೋರಿಸಿದರೆ "ಸುಣ್ಣ ಹಚ್ಚೋದು ಬಿಟ್ಟು ಮುಖ ನೋಡ್ಕೋತ ಕುಂತೀ ಏನು" ಅಂತಾಳೆ. ಈಗ ಆಲದ ಮರ, ಬಂಡೆ ಬರೆದು ಒಳಗೆ ಮುಖ ಅಡಗಿಸಲು ಶುರು ಮಾಡಿದ್ದೇನೆ. ತೊಂದರೆ ಏನೆಂದರೆ, ಒಂದೋ ಮುಖ ಮೊದಲ ನೋಟಕ್ಕೇ ಬಯಲಾಗುತ್ತದೆ, ಇಲ್ಲವೇ ಬೆರಳಿಟ್ಟು ತೋರಿಸಿದರೂ ಯಾರಿಗೂ ಕಾಣಲ್ಲ. ಹದ ಹೇಗೆ ಸಿಗುತ್ತದೆ? ಇನ್ನೊಂದು, ಹೀಗೆ ಎಲ್ಲೆಲ್ಲೂ ಮುಖ ಕಾಣೋದು ನಾರ್ಮಲ್ ಅಲ್ವಾ?

ಧಾರವಾಡ ಡ್ರಾಯಿಂಗ್ ಮಾಸ್ತರ:
ಎರಡನೇ ಪ್ರಶ್ನೆಗೆ ಮೊದಲು: ನಾರ್ಮಲ್, ಚಿಂತೆ ಬೇಡ. ಇದಕ್ಕೆ ಪ್ಯಾರಿಡೋಲಿಯಾ ಅಂತ ಹೆಸರು. ಮುಖ ಕಂಡಾಗ ಚುರುಕಾಗುವ ಜಾಗವೇ ಮೆದುಳಿನಲ್ಲಿದೆ. ಮೇಲೆ ಎರಡು ಕಪ್ಪು ಚುಕ್ಕೆ, ಕೆಳಗೆ ಒಂದು ಅಡ್ಡಗೆರೆ ಸಿಕ್ಕರೆ ಸಾಕು, ಸ್ವಿಚ್‌ಬೋರ್ಡನ್ನೂ ಮುಖ ಅಂದುಬಿಡುತ್ತದೆ.

ಹದದ ಗುಟ್ಟೂ ಅಲ್ಲೇ ಇದೆ. ಕೆನ್ನೆ, ಗದ್ದ, ಕೂದಲು ಬರೆದರೆ ಮುಖ ಅಷ್ಟು ಬೇಗ ಬಯಲಾಗಲ್ಲ, ಕಣ್ಣು ಬರೆದ ಕೂಡಲೇ ಆಗುತ್ತದೆ. ಹಾಗಾಗಿ ಕಣ್ಣನ್ನು ಕಣ್ಣಾಗಿ ಬರೆಯಲೇಬೇಡಿ. ಒಂದು ಕಣ್ಣು ಮರದ ಪೊಟರೆ ಆಗಲಿ, ಇನ್ನೊಂದು ಕೂತ ಕಾಗೆ. ಬಾಯಿ ಅಂದರೆ ಬೇರಿನ ನೆರಳು. ಪ್ರತಿ ಗೆರೆಗೂ ಮರದಲ್ಲಿ ಒಂದು ಕೆಲಸ ಇರಬೇಕು, ಮುಖಕ್ಕಾಗಿ ಮಾತ್ರ ಇರುವ ಗೆರೆ ಕಂಡರೆ ಸುಮ್ನೆ ಅಳಿಸಿಬಿಡಿ. ಆಮೇಲೆ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಆಗ ಮುಖ ಕಂಡು, ಕಣ್ಣು ಪೂರ್ತಿ ತೆರೆದಾಗ ಮರ ಕಂಡರೆ ಹದ ಬಂತು. ಯಾರಿಗೂ ಕಾಣದಿದ್ದರೆ ಹೊಸ ಗೆರೆ ಸೇರಿಸಬೇಡಿ, ಕಣ್ಣಿನ ಜಾಗ ಎರಡನ್ನೇ ಸ್ವಲ್ಪ ಕಪ್ಪು ಮಾಡಿ. ಜಾಸ್ತಿ ಬಯಲಾದರೆ ಮುಖವನ್ನು ತಲೆಕೆಳಗೆ ಇಡಿ. ತಲೆಕೆಳಗಾದ ಮುಖ ಗುರುತಿಸೋದು ಎಲ್ಲರಿಗೂ ಕಷ್ಟ.

ಕಪ್ಪತಗುಡ್ಡ ಕಡೆಯವ:
ಮಾಸ್ತರ್ ಹೇಳಿದ್ದಕ್ಕೆ ನೆರಳನ್ನೂ ಸೇರಿಸಿರಿ. ಮಂಗಳ ಗ್ರಹದಲ್ಲಿ ಮುಖ ಕಂಡಿತು ಅಂತ ಗದ್ದಲ ಆಗಿತ್ತಲ್ಲ, ಅದು ವೈಕಿಂಗ್ 1 ನೌಕೆ 1976ರ ಜುಲೈನಲ್ಲಿ ತೆಗೆದ ಫೋಟೋ. ಓರೆ ಬಿಸಿಲು, ಒರಟು ಚಿತ್ರ, ಕಣ್ಣು ಬಾಯಿಯ ಜಾಗದಲ್ಲಿ ನೆರಳು. 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ಅನ್ನೋ ಇನ್ನೊಂದು ನೌಕೆ ಅದೇ ಜಾಗವನ್ನು ಸ್ಪಷ್ಟವಾಗಿ ತೆಗೆದಾಗ ಬರೀ ಗುಡ್ಡ! ಹಾಗಾಗಿ ಮುಖ ಇರುವ ಕಡೆ ವಿವರ ಕಡಿಮೆ ಮಾಡಿ, ಸುತ್ತ ಎಲೆ, ತೊಗಟೆ ಜಾಸ್ತಿ ಬರೆಯಿರಿ.

ಬಿಡುವಿದ್ದರೆ ಗದಗ ಕಡೆ ಬಂದು ಲಕ್ಕುಂಡಿ ನೋಡಿ. ಅಲ್ಲಿನ ಗುಡಿಗಳ ಕೀರ್ತಿಮುಖಗಳಲ್ಲಿ (ಕಲ್ಲಲ್ಲಿ ಕೆತ್ತಿದ ಉಗ್ರ ಸಿಂಹಮುಖ) ಮುಖ ಎಲ್ಲಿ ಮುಗಿಯಿತು, ಬಳ್ಳಿ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ಹೇಳೋದು ಕಷ್ಟ. ಫೋಟೋ ಬೇಡ, ಅಲ್ಲೇ ಕೂತು ಬರೆಯಿರಿ.

ಹಾವೇರಿ ರಂಗೋಲಿ:
ನೀವೆಲ್ಲ ಮೊದಲು ಮರ, ಆಮೇಲೆ ಮುಖ ಅಂತೀರಿ. ನನಗೆ ಅದು ಒಪ್ಪಿಗೆ ಇಲ್ಲ. ಹಾಗೆ ಬೇಕಂತಲೇ ಇಟ್ಟ ಮುಖ ಮಕ್ಕಳ ಪತ್ರಿಕೆಯ 'ಹುಡುಕಿ ನೋಡಿ' ಚಿತ್ರದಂತೆ ಆಗುತ್ತದೆ. ಮೊದಲು ಹಾಳೆ ಮೇಲೆ ಕಲೆ ಬೀಳಲಿ, ಮುಖ ತಾನೇ ಬರುತ್ತದೆ. ಕಲೆ ಬಿದ್ದ ಗೋಡೆ ನೋಡಿದರೆ ಬೆಟ್ಟ, ಯುದ್ಧ, ಮುಖ ಎಲ್ಲ ಕಾಣುತ್ತವೆ ಅಂತ ಲಿಯೊನಾರ್ಡೊ ಡಾ ವಿಂಚಿಯೇ ಚಿತ್ರಕಾರರಿಗೆ ಬರೆದಿಟ್ಟಿದ್ದಾನೆ (ಇದನ್ನು ಅವ್ವನಿಗೆ ಓದಿ ಹೇಳಿ). ಜರ್ಮನ್ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಮರದ ನೆಲದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಗುರುತುಗಳಿಂದಲೇ ಚಿತ್ರ ಮಾಡಿದ. ನಿಮಗೆ ಅಂಗಳದ ಒರಟು ಫರ್ಶಿಯೇ ಸಾಕು. ಇಲ್ಲಾಂದ್ರೆ ಹಾಳೆ ಮೇಲೆ ಚಹಾ ಚೆಲ್ಲಿ, ಒಣಗಿದ ಮೇಲೆ ನಾಲ್ಕೂ ಕಡೆ ತಿರುಗಿಸಿ ನೋಡಿ. ಮೊದಲು ಕಂಡ ಮುಖಕ್ಕೇ ಪೆನ್ನು ಹಾಕಬೇಡಿ, ಅದು ಎಲ್ಲರಿಗೂ ಕಾಣುವ ಮುಖ. ತಡವಾಗಿ ಕಂಡದ್ದನ್ನು ಹಿಡಿಯಿರಿ.

ಧಾರವಾಡ ಡ್ರಾಯಿಂಗ್ ಮಾಸ್ತರ:
ಮೇಡಂ, ಒಪ್ಪಿದೆ. ಆದರೆ ತಾನೇ ಬಿದ್ದ ಕಲೆಗಳನ್ನೇ ನಂಬಿ ಕೂತರೆ ಕೈ ಪಳಗಲ್ಲ. ಎರಡೂ ಮಾಡಲಿ.

ಉಣಕಲ್ ಪೆನ್ಸಿಲ್:
ಕಾಗೆ ಐಡಿಯಾ ಮಸ್ತ್! ಅಕ್ಕಾ, ಚಹಾ ಕಲೆ ಮೇಲೆ ಇಂಕ್ ಹರಡಲ್ವಾ?

ಹಾವೇರಿ ರಂಗೋಲಿ:
ತೆಳು ಹಾಳೆ ಆದರೆ ಹರಡುತ್ತದೆ. ದಪ್ಪ ಕಾರ್ಟ್ರಿಜ್ ಹಾಳೆ ತಗೊಂಡು ಪೂರ್ತಿ ಒಣಗಿಸಿ. ಮತ್ತೆ ಬರೀ ಡಿಕಾಕ್ಷನ್ ಹಾಕು ತಮ್ಮಾ, ಸಕ್ಕರೆ ಇದ್ದರೆ ಇರುವೆ ಬರುತ್ತವೆ.